ಬಾಂಬ್ ಎಣಿಸೋರು ಮನೆಗೆ ಹೋದ್ರು

2026ರ ಫೆಬ್ರವರಿ 5, ಗುರುವಾರ. ಅವತ್ತು ಒಂದು ಒಪ್ಪಂದದ ವಾಯಿದೆ ಮುಗಿಯಿತು. ಅಷ್ಟೇ ಸುದ್ದಿ. ಹೊಗೆ ಇಲ್ಲ, ಬೆಂಕಿ ಇಲ್ಲ, ಓಡುವ ಜನ ಇಲ್ಲ. ಟಿವಿಯಲ್ಲಿ ತೋರಿಸೋಣ ಅಂದ್ರೆ ಒಂದೇ ಒಂದು ಹಳೇ ದೃಶ್ಯ: ಪ್ರಾಗ್ ನಗರದಲ್ಲಿ ಬರಾಕ್ ಒಬಾಮಾ ಮತ್ತು ಡಿಮಿಟ್ರಿ ಮೆಡ್ವೆಡೆವ್ ಅಕ್ಕಪಕ್ಕ ಕೂತು ಸಹಿ ಹಾಕ್ತಾ ಇರೋದು. 2010ರ ಏಪ್ರಿಲ್ 8ರ ದೃಶ್ಯ ಅದು. ದೃಶ್ಯ ಇಲ್ಲದ ಸುದ್ದಿ ಅಂದ್ರೆ ನಮ್ಮ ಧಂದೆಯಲ್ಲಿ ಅರ್ಧ ಸತ್ತ ಸುದ್ದಿ. ಹಾಗಾಗಿ ಇದನ್ನ ಮಾತಿನಲ್ಲೇ ಹೇಳಬೇಕು. ಸ್ವಲ್ಪ ನಿಧಾನಕ್ಕೆ ಹೇಳಬೇಕು.

ಒಪ್ಪಂದದ ಹೆಸರು ನ್ಯೂ ಸ್ಟಾರ್ಟ್. ಜಗತ್ತಿನ ಒಟ್ಟು ಅಣ್ವಸ್ತ್ರಗಳಲ್ಲಿ ಹತ್ತಕ್ಕೆ ಎಂಟೂವರೆಗಿಂತ ಹೆಚ್ಚು ಪಾಲು ಇರೋದು ಅಮೆರಿಕ ಮತ್ತು ರಷ್ಯಾ ಕೈಯಲ್ಲಿ. ಅವರಿಬ್ಬರೂ ತಮಗೆ ತಾವೇ ಹಾಕಿಕೊಂಡಿದ್ದ ಮಿತಿ ಇದು. ಕ್ಷಿಪಣಿಗಳ ತುದಿಯಲ್ಲಿ ಕೂರಿಸಿ, ಹಾರೋದಕ್ಕೆ ಸಿದ್ಧವಾಗಿಟ್ಟ ದೂರಗಾಮಿ ಸಿಡಿತಲೆಗಳು ಒಬ್ಬೊಬ್ಬರಿಗೆ 1,550. ಅವನ್ನ ಹೊತ್ತೊಯ್ಯುವ ಕ್ಷಿಪಣಿ, ಬಾಂಬರ್ ವಿಮಾನ ಎಲ್ಲ ಸೇರಿ 700. ಇದಕ್ಕಿಂತ ಒಂದೂ ಜಾಸ್ತಿ ಇರಕೂಡದು. 2011ರಲ್ಲಿ ಜಾರಿಗೆ ಬಂತು, 2021ರಲ್ಲಿ ಐದು ವರ್ಷ ಮುಂದಕ್ಕೆ ಹೋಯ್ತು. ಇನ್ನೊಂದು ಸಲ ಮುಂದಕ್ಕೆ ಹಾಕೋದಕ್ಕೆ ಒಪ್ಪಂದದಲ್ಲೇ ಅವಕಾಶ ಇರಲಿಲ್ಲ. ಮುಗೀತು. 1972ರಿಂದ ಈಚೆಗೆ ಒಂದಲ್ಲ ಒಂದು ಒಪ್ಪಂದ ಈ ಇಬ್ಬರ ನಡುವೆ ಅಡ್ಡಗೋಡೆಯ ಹಾಗೆ ಇದ್ದೇ ಇರ್ತಿತ್ತು. ಈಗ ಒಂದೂ ಇಲ್ಲ.

'ಅವರಿಬ್ಬರ ಜಗಳದಲ್ಲಿ ನಮಗೇನ್ರೀ?' ಅಂತ ಕೇಳ್ತೀರಿ. ಕೇಳಲೇಬೇಕಾದ ಪ್ರಶ್ನೆ. ಬರ್ತೀನಿ ಅಲ್ಲಿಗೆ. ಅದಕ್ಕೂ ಮೊದಲು ಈ ಒಪ್ಪಂದಗಳು ಏನು, ಏನಲ್ಲ ಅನ್ನೋದು ಗೊತ್ತಾಗಬೇಕು. ಯಾಕಂದ್ರೆ ಬಹಳ ಜನ ಇದನ್ನ ಶಾಂತಿ ಒಪ್ಪಂದ ಅಂದುಕೊಂಡಿದ್ದಾರೆ. ಬಿಳಿ ಪಾರಿವಾಳ, ಹಸ್ತಲಾಘವ, ದೊಡ್ಡ ದೊಡ್ಡ ಮಾತು. ಅಲ್ಲ ಸ್ವಾಮಿ. ಇದು ಶಾಂತಿಯ ಕಾಗದವೇ ಅಲ್ಲ.

ನಮ್ಮ ಹಳ್ಳಿಗಳಲ್ಲಿ ದಾಯಾದಿಗಳ ಜಮೀನು ಜಗಳ ನೋಡಿದ್ದೀರಲ್ಲ. ಮುಖ ಕೊಟ್ಟು ಮಾತಾಡಲ್ಲ, ಮದುವೆ-ಮುಂಜಿಗೆ ಕರೆಯಲ್ಲ, ಕೋರ್ಟಿನಲ್ಲಿ ಕೇಸು ಇಪ್ಪತ್ತು ವರ್ಷದಿಂದ ನಡೀತಾನೇ ಇದೆ. ಆದರೆ ಸರ್ವೆಯವರು ಅಳತೆಗೆ ಬರ್ತಾರೆ ಅಂದ್ರೆ ಬೆಳಿಗ್ಗೆಯೇ ಇಬ್ಬರೂ ಬದುವಿನ ಮೇಲೆ ಹಾಜರ್. ಅಳತೆ ಹಿಡಿಯೋವಾಗ ಇಬ್ಬರ ಕಣ್ಣೂ ಅದರ ಮೇಲೇ. ಪ್ರೀತಿ ಉಕ್ಕಿ ಬಂದು ನಿಂತಿದ್ದಲ್ಲ. ನಂಬಿಕೆ ಇಲ್ಲ ಅಂತಲೇ ನಿಂತಿರೋದು. ಅಮೆರಿಕ-ರಷ್ಯಾ ಒಪ್ಪಂದಗಳ ಒಳಗುಟ್ಟು ಇಷ್ಟೇ. ನಂಬಿಕೆ ಇದ್ದಿದ್ರೆ ಒಪ್ಪಂದವೇ ಬೇಕಾಗಿರಲಿಲ್ಲ.

ನ್ಯೂ ಸ್ಟಾರ್ಟ್‌ನಲ್ಲಿ ನನಗೆ 1,550 ಅನ್ನೋ ಸಂಖ್ಯೆಗಿಂತ ದೊಡ್ಡದಾಗಿ ಕಂಡಿದ್ದು ಅದರ ಎಣಿಕೆಯ ಕ್ರಮ. ವರ್ಷಕ್ಕೆ 18 ಸಲ ಅಮೆರಿಕದವರು ರಷ್ಯಾದ ನೆಲೆಗಳಿಗೆ ಹೋಗಬಹುದು, ರಷ್ಯಾದವರು ಅಮೆರಿಕಕ್ಕೆ ಬರಬಹುದು. ಗಮನಿಸಿ, ಇವು ಪ್ರವಾಸಿ ತಾಣಗಳಲ್ಲ. ಖಂಡಾಂತರ ಕ್ಷಿಪಣಿ ನಿಲ್ಲಿಸಿರೋ ನೆಲೆ, ಜಲಾಂತರ್ಗಾಮಿ ಕಟ್ಟಿರೋ ಬಂದರು. ನೆಲೆಗೆ ಹೋದ ಮೇಲೆ ಅಲ್ಲಿನ ಅಧಿಕಾರಿ ಒಂದು ಪಟ್ಟಿ ಕೊಡಬೇಕು: ಇಂಥ ಕ್ಷಿಪಣಿಯಲ್ಲಿ ಇಷ್ಟು ಸಿಡಿತಲೆ ಇದೆ ಅಂತ. ಬಂದವರು ಪಟ್ಟಿ ನೋಡಿ, 'ಆ ಕ್ಷಿಪಣಿ ತೋರಿಸಿ' ಅಂತ ತಾವೇ ಒಂದನ್ನ ಆರಿಸ್ತಾರೆ. ತೋರಿಸಲೇಬೇಕು. ಒಳಗಿನ ವಿನ್ಯಾಸ ಗೊತ್ತಾಗದ ಹಾಗೆ ಸಿಡಿತಲೆಗಳ ಮೇಲೆ ಮುಸುಕು ಹಾಕಿರ್ತಾರೆ. ಬಂದವರು ಮುಸುಕಿನ ಕೆಳಗಿನ ಉಬ್ಬುಗಳನ್ನ ಎಣಿಸ್ತಾರೆ. ಒಂದು, ಎರಡು, ಮೂರು. ಪಟ್ಟಿಗೆ ತಾಳೆ ನೋಡ್ತಾರೆ. 'ಇದು ಸಿಡಿತಲೆ ಅಲ್ಲ, ಬರೀ ಕಬ್ಬಿಣ' ಅಂತ ಯಾವುದಾದರೂ ವಸ್ತುವಿನ ಬಗ್ಗೆ ಹೇಳಿದರೆ, ವಿಕಿರಣ ಅಳೆಯೋ ಉಪಕರಣ ಹಿಡಿದು ನೋಡೋ ಹಕ್ಕೂ ಇತ್ತು. ಹೀಗೆ 328 ತಪಾಸಣೆ ನಡೆದವು. ಜೊತೆಗೆ, ಇಂಥ ಕ್ಷಿಪಣಿ ಇಲ್ಲಿಂದ ಅಲ್ಲಿಗೆ ಸಾಗಿಸಿದ್ವಿ, ಇಂಥದ್ದನ್ನ ಒಡೆದು ಹಾಕಿದ್ವಿ ಅಂತ ಪರಸ್ಪರ ಕಳಿಸಿದ ಸೂಚನೆಗಳು 25 ಸಾವಿರಕ್ಕೂ ಹೆಚ್ಚು.

ಇದಕ್ಕಿಂತ ಸೋಜಿಗದ್ದು ಒಂದಿದೆ. ವೊಟ್ಕಿನ್ಸ್ಕ್ ಅಂತ ರಷ್ಯಾದಲ್ಲಿ ಒಂದು ಊರು. ಸಂಗೀತಗಾರ ಚೈಕೋವ್ಸ್ಕಿ ಹುಟ್ಟಿದ ಊರು. ಅಲ್ಲೇ ಸೋವಿಯತ್ ಒಕ್ಕೂಟದ ದೊಡ್ಡ ಕ್ಷಿಪಣಿ ಕಾರ್ಖಾನೆ. 1987ರ ಡಿಸೆಂಬರ್ 8ರಂದು ರೇಗನ್ ಮತ್ತು ಗೋರ್ಬಚೆವ್ ಐಎನ್ಎಫ್ ಒಪ್ಪಂದಕ್ಕೆ ಸಹಿ ಹಾಕಿದರಲ್ಲ, ಅದರ ಪ್ರಕಾರ ಅಮೆರಿಕದ ತಪಾಸಣೆಗಾರರು ಈ ಕಾರ್ಖಾನೆಯ ಗೇಟಿನ ಎದುರು ಮನೆ ಮಾಡಿಕೊಂಡು ಕೂತರು. ಹಗಲೂ ರಾತ್ರಿ. ಹೊರಗೆ ಬರೋ ಒಂದೊಂದು ದೊಡ್ಡ ಗಾಡಿಯನ್ನೂ ನೋಡೋದೇ ಕೆಲಸ. ಅತ್ತ ಅಮೆರಿಕದ ಯೂಟಾ ರಾಜ್ಯದ ಮ್ಯಾಗ್ನಾ ಊರಿನಲ್ಲಿ ಸೋವಿಯತ್ ತಂಡ ಇದೇ ಕೆಲಸಕ್ಕೆ ಕೂತಿತ್ತು. ವೈರಿಯ ಕಾರ್ಖಾನೆಯ ಬಾಗಿಲಲ್ಲಿ ವರ್ಷಗಟ್ಟಲೆ ಸಂಸಾರ! ಆ ಒಪ್ಪಂದದಲ್ಲಿ ನಾಶವಾದ ಕ್ಷಿಪಣಿಗಳು 2,692. ಕಣ್ಣೆದುರೇ ಒಡೆದು ಹಾಕಿದ್ದು.

ಇದರಿಂದ ಆಗಿದ್ದೇನು ಅಂದ್ರೆ, 1986ರ ಸುಮಾರಿಗೆ ಜಗತ್ತಿನಲ್ಲಿ ಸುಮಾರು 70 ಸಾವಿರ ಅಣ್ವಸ್ತ್ರಗಳಿದ್ದವು. 2025ರ ಜನವರಿ ಹೊತ್ತಿಗೆ, ಸ್ಟಾಕ್‌ಹೋಮ್‌ನ ಸಿಪ್ರಿ ಸಂಸ್ಥೆಯ ಲೆಕ್ಕದಲ್ಲಿ 12,241. ಮೂರನೇ ಮಹಾಯುದ್ಧ ಯಾವಾಗ ಅಂತ ಕೇಳೋರಿಗೆ ಈ ಇಳಿಕೆ ಕಾಣೋದೇ ಇಲ್ಲ. ಇನ್ನೂ ಒಂದು ಹೇಳಿಬಿಡ್ತೀನಿ, ಬಹಳ ಜನಕ್ಕೆ ಗೊತ್ತಿಲ್ಲ. ರಷ್ಯಾದ ಬಾಂಬ್‌ಗಳಿಂದ ತೆಗೆದ 500 ಟನ್ ಯುರೇನಿಯಂ ಅನ್ನು ತೆಳು ಮಾಡಿ, 1993ರಿಂದ 2013ರವರೆಗೆ ಅಮೆರಿಕದ ವಿದ್ಯುತ್ ಸ್ಥಾವರಗಳಲ್ಲಿ ಉರಿಸಿದರು. ಸುಮಾರು 20 ಸಾವಿರ ಸಿಡಿತಲೆಗೆ ಆಗುವಷ್ಟು ಸರಕು ಅದು. ಆ ಇಪ್ಪತ್ತು ವರ್ಷ ಅಮೆರಿಕದ ಮನೆಗಳಲ್ಲಿ ಉರಿದ ಹತ್ತು ಬಲ್ಬುಗಳಲ್ಲಿ ಹೆಚ್ಚುಕಡಿಮೆ ಒಂದು, ತಮ್ಮ ಊರಿನ ಮೇಲೆ ಬೀಳಬೇಕಾಗಿದ್ದ ಬಾಂಬ್‌ನಿಂದಲೇ ಉರೀತಿತ್ತು.

ಸರಿ, ಈಗ ಹಾಳಾಗಿದ್ದು ಹೇಗೆ? ಒಂದೇ ಏಟಿಗೆ ಅಲ್ಲ. ಗೋಡೆಯ ಕಲ್ಲು ಒಂದೊಂದೇ ಉದುರಿದ ಹಾಗೆ. ಕ್ಷಿಪಣಿ ತಡೆಯೋ ಗುರಾಣಿಗೆ ಮಿತಿ ಹಾಕಿದ್ದ 1972ರ ಒಪ್ಪಂದದಿಂದ 2002ರಲ್ಲಿ ಅಮೆರಿಕ ಹೊರಗೆ ಬಂತು. ರಷ್ಯಾ ಮೋಸ ಮಾಡ್ತಿದೆ ಅಂತ 2019ರಲ್ಲಿ ಐಎನ್ಎಫ್‌ನಿಂದಲೂ ಹೊರಗೆ ಬಂತು. ಕೋವಿಡ್ ಬಂದು 2020ರ ಮಾರ್ಚ್‌ನಲ್ಲಿ ತಪಾಸಣೆ ನಿಂತಿತು. ತಾತ್ಕಾಲಿಕ ಅಂದ್ರು. ಮತ್ತೆ ಶುರುವಾಗಲೇ ಇಲ್ಲ. ಉಕ್ರೇನ್ ಯುದ್ಧದ ಮೊದಲ ವರ್ಷ ತುಂಬುವ ಹೊತ್ತಿಗೆ, 2023ರ ಫೆಬ್ರವರಿ 21ರಂದು ಪುಟಿನ್ ನ್ಯೂ ಸ್ಟಾರ್ಟ್ ಅನ್ನೇ ಅಮಾನತು ಮಾಡಿದ್ರು. ಅದೇ ವರ್ಷ ನವೆಂಬರ್‌ನಲ್ಲಿ, ಪರಮಾಣು ಪರೀಕ್ಷೆ ನಿಷೇಧಿಸುವ ಸಿಟಿಬಿಟಿಗೆ ಕೊಟ್ಟಿದ್ದ ಅನುಮೋದನೆಯನ್ನ ರಷ್ಯಾ ವಾಪಸ್ ತಗೊಂಡಿತು. ಅಮೆರಿಕ ಅದಕ್ಕೆ ಅನುಮೋದನೆ ಕೊಟ್ಟೇ ಇರಲಿಲ್ಲ, ಅದು ಬೇರೆ ಮಾತು.

2025ರ ಸೆಪ್ಟೆಂಬರ್‌ನಲ್ಲಿ ಪುಟಿನ್ ಒಂದು ಮಾತು ಹೇಳಿದ್ರು: ವಾಯಿದೆ ಮುಗಿದ ಮೇಲೂ ಒಂದು ವರ್ಷ ಸಂಖ್ಯೆಯ ಮಿತಿ ಪಾಲಿಸ್ತೀವಿ, ಅಮೆರಿಕವೂ ಪಾಲಿಸಿದರೆ. ಒಳ್ಳೆ ಐಡಿಯಾ ಅಂತ ಟ್ರಂಪ್ ಕೂಡ ಒಮ್ಮೆ ಅಂದ್ರು. ಕಾಗದಕ್ಕೆ ಬರದೆ ದಿನ ಕಳೆದುಹೋಯ್ತು. ಆದರೆ ಆ ಪ್ರಸ್ತಾಪದಲ್ಲಿ ಏನು ಇರಲಿಲ್ಲ ಅನ್ನೋದನ್ನ ನೋಡಿ. ತಪಾಸಣೆ ಇರಲಿಲ್ಲ. 'ನಾನು 1,550 ದಾಟಲ್ಲ, ನಂಬು' ಅಷ್ಟೇ. ಬದುವಿನ ಮೇಲೆ ನಿಲ್ಲೋದು ಬೇಡ, ಅಳತೆ ಬೇಡ, ಬಾಯಿ ಮಾತು ಸಾಕು. ನಂಬಿಕೆಯೇ ಇಲ್ಲದವರ ನಡುವೆ ಬಾಯಿ ಮಾತಿಗೆ ಎಷ್ಟು ಬೆಲೆ?

ಕಾಣದೇ ಇದ್ದರೆ ಏನಾಗುತ್ತೆ? ಮನುಷ್ಯ ಜಾಸ್ತಿಯೇ ಊಹಿಸ್ತಾನೆ. ಎದುರಿನವನ ಹತ್ತಿರ ಎರಡು ಸಾವಿರ ಇರಬಹುದು ಅಂತ ಅಧಿಕಾರಿ ಬರೀತಾನೆ. ಮೇಲಿನವನು ಎರಡೂವರೆ ಸಾವಿರಕ್ಕೆ ತಯಾರಿ ಮಾಡು ಅಂತಾನೆ. ಉಪಗ್ರಹಕ್ಕೆ ಕ್ಷಿಪಣಿಯ ಗುಂಡಿ ಕಾಣುತ್ತೆ, ಜಲಾಂತರ್ಗಾಮಿ ಕಾಣುತ್ತೆ. ಒಂದು ಕ್ಷಿಪಣಿಯ ಮೂತಿಯೊಳಗೆ ಸಿಡಿತಲೆ ಒಂದಿದೆಯೋ ಎಂಟಿದೆಯೋ ಅನ್ನೋದು ಯಾವ ಉಪಗ್ರಹಕ್ಕೂ ಕಾಣಲ್ಲ. ಮುಸುಕಿನ ಕೆಳಗಿನ ಉಬ್ಬು ಎಣಿಸೋದಕ್ಕೆ ಮನುಷ್ಯನೇ ಹೋಗಬೇಕು. ಈಗಾಗಲೇ ಇರೋ ಕ್ಷಿಪಣಿಗಳಲ್ಲೇ ಇನ್ನಷ್ಟು ಸಿಡಿತಲೆ ತುಂಬೋದಕ್ಕೆ ಎರಡೂ ದೇಶಗಳಿಗೆ ಹೊಸ ಕಾರ್ಖಾನೆ ಬೇಡ. ಗೋದಾಮಿನಲ್ಲಿ ಸರಕು ಇದೆ.

ಇರಾನ್ ವಿಷಯದಲ್ಲೂ ಕಥೆ ಇದೇ. ಅಲ್ಲಿ ಎಣಿಸ್ತಾ ಇದ್ದದ್ದು ವಿಯೆನ್ನಾದಲ್ಲಿರೋ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ, ಐಎಇಎ. ಈ ಯುರೇನಿಯಂ ಲೆಕ್ಕ ಟಿವಿಯಲ್ಲಿ ಹೇಳಿದಾಗೆಲ್ಲ ಶೇಕಡಾ 60, ಶೇಕಡಾ 90 ಅಂತ ಹೇಳಿ ಮುಂದೆ ಹೋಗಿಬಿಡ್ತೀವಿ. ಇವತ್ತು ಬಿಡಿಸಿ ಹೇಳ್ತೀನಿ. ಭೂಮಿಯಿಂದ ತೆಗೆದ ಯುರೇನಿಯಂ ಅನ್ನ ಒಂದು ಸಾವಿರ ಕಾಳು ಅಂದುಕೊಳ್ಳಿ. ಅದರಲ್ಲಿ ಬೇಕಾದ ಕಾಳು ಬರೀ 7. ಉಳಿದದ್ದು ಹೊಟ್ಟು. ಮೊರದಲ್ಲಿ ಕೇರ್ತಾ ಕೇರ್ತಾ ಹೊಟ್ಟು ಹಾರಿಸಿ, ಆ 7 ಕಾಳು 175 ಕಾಳಿನ ರಾಶಿಯಲ್ಲಿ ಉಳಿಯೋ ಹಾಗೆ ಮಾಡಿದರೆ ಶೇಕಡಾ 4, ಕರೆಂಟು ಮಾಡೋದಕ್ಕೆ ಸಾಕು. ಇನ್ನೂ ಕೇರಿ 12 ಕಾಳಿಗೆ ತಂದರೆ ಹೆಚ್ಚುಕಡಿಮೆ ಶೇಕಡಾ 60. ಎಂಟು ಕಾಳಿಗೆ ತಂದರೆ ಶೇಕಡಾ 90ರ ಹತ್ತಿರ, ಅದು ಬಾಂಬ್. ಅಂದ್ರೆ ಸಾವಿರದಿಂದ ಹನ್ನೆರಡಕ್ಕೆ ಇಳಿಸಿದವನಿಗೆ ಹನ್ನೆರಡರಿಂದ ಎಂಟಕ್ಕೆ ಇಳಿಸೋದು ಎಷ್ಟು ಹೊತ್ತಿನ ಕೆಲಸ? ಶೇಕಡಾ 60 ಅಂದಾಗ ಜಗತ್ತು ಬೆಚ್ಚಿಬಿದ್ದಿದ್ದು ಇದಕ್ಕೇ.

2015ರ ಒಪ್ಪಂದದಲ್ಲಿ ಇರಾನ್ ಶೇಕಡಾ 3.67ಕ್ಕಿಂತ ಮೇಲೆ ಹೋಗಲ್ಲ, 300 ಕೆ.ಜಿ.ಗಿಂತ ಹೆಚ್ಚು ಇಟ್ಟುಕೊಳ್ಳಲ್ಲ ಅಂತ ಒಪ್ಪಿತ್ತು. ಕ್ಯಾಮೆರಾ, ಸೀಲು, ತಪಾಸಣೆ ಎಲ್ಲ ಇತ್ತು. 2018ರ ಮೇ ತಿಂಗಳಲ್ಲಿ ಟ್ರಂಪ್ ಆ ಒಪ್ಪಂದದಿಂದ ಎದ್ದು ಬಂದ್ರು. 2021ರಲ್ಲಿ ಇರಾನ್ ಶೇಕಡಾ 60ಕ್ಕೆ ಏರಿತು. 2025ರ ಜೂನ್ ಮಧ್ಯದ ಹೊತ್ತಿಗೆ ಆ ಮಟ್ಟದ ಸರಕು 440 ಕೆ.ಜಿ. ದಾಟಿತ್ತು ಅಂತ ಐಎಇಎ ಲೆಕ್ಕ. ಜೂನ್ 13ಕ್ಕೆ ಇಸ್ರೇಲ್ ದಾಳಿ, 22ಕ್ಕೆ ಫೋರ್ಡೋ, ನತಾಂಜ್, ಇಸ್ಫಹಾನ್ ಮೇಲೆ ಅಮೆರಿಕದ ಬಾಂಬ್. ನಾವೆಲ್ಲ ಗ್ರಾಫಿಕ್ಸ್ ಹಾಕಿ ತೋರಿಸಿದ್ವಿ, ಬೆಟ್ಟದೊಳಗೆ ಬಾಂಬ್ ಹೇಗೆ ಕೊರೆಯುತ್ತೆ ಅಂತ. ದಾಳಿಯ ನಂತರ ಇರಾನ್ ಐಎಇಎ ಜೊತೆ ಸಹಕಾರ ನಿಲ್ಲಿಸಿತು. ಪರಿಣಾಮ? ಆ 440 ಕೆ.ಜಿ. ಎಲ್ಲಿದೆ ಅಂತ ಖುದ್ದು ನೋಡಿ ಹೇಳೋರು ಇಲ್ಲದಂತಾಯ್ತು. ಬಾಂಬ್ ಹಾಕೋಕೆ ಮುಂಚೆ ಗ್ರಾಂ ಲೆಕ್ಕದಲ್ಲಿ ಗೊತ್ತಿದ್ದ ಸರಕು, ಬಾಂಬ್ ಹಾಕಿದ ಮೇಲೆ ಲೆಕ್ಕಕ್ಕೇ ಸಿಗ್ತಿಲ್ಲ. ಕಾರ್ಖಾನೆ ಕೆಡವಬಹುದು, ಎಣಿಕೆಯನ್ನೂ ಅದರ ಜೊತೆಗೇ ಕೆಡವಿದ ಹಾಗಾಯ್ತು.

ಟೆಹರಾನ್‌ನಲ್ಲಿ ಕೂತವನು ಇನ್ನೊಂದು ಲೆಕ್ಕ ಹಾಕ್ತಾನೆ. ಉಕ್ರೇನ್ ತನ್ನ ನೆಲದಲ್ಲಿದ್ದ ಸೋವಿಯತ್ ಕಾಲದ ಸುಮಾರು 1,900 ದೂರಗಾಮಿ ಸಿಡಿತಲೆಗಳನ್ನ ಬಿಟ್ಟುಕೊಟ್ಟು, 1994ರಲ್ಲಿ ಬುಡಾಪೆಸ್ಟ್‌ನಲ್ಲಿ ಭದ್ರತೆಯ ಭರವಸೆ ಬರೆಸಿಕೊಂಡಿತು. ಭರವಸೆ ಕೊಟ್ಟವರಲ್ಲಿ ರಷ್ಯಾ ಕೂಡ ಇತ್ತು. ಲಿಬಿಯಾದ ಗಡಾಫಿ 2003ರಲ್ಲಿ ಬಾಂಬ್ ಯೋಜನೆ ಬಿಟ್ಟ. 2011ರಲ್ಲಿ ಅವನ ಗತಿ ಏನಾಯ್ತು ನೀವೇ ನೋಡಿದ್ದೀರಿ. 2003ರಲ್ಲಿ ಪ್ರಸರಣ ತಡೆ ಒಪ್ಪಂದವನ್ನೇ ಬಿಟ್ಟು ಹೊರಟ ಉತ್ತರ ಕೊರಿಯಾ ಆರು ಬಾಂಬ್ ಪರೀಕ್ಷೆ ಮಾಡಿ ಕೂತಿದೆ. ಅದರ ಮೇಲೆ ಯಾರೂ ಬಾಂಬ್ ಹಾಕಿಲ್ಲ. ಬೇಡ ಅಂತ ಬಿಟ್ಟವನಿಗೆ ಏಟು, ಬಿಡದವನಿಗೆ ಮರ್ಯಾದೆ ಅನ್ನೋ ಪಾಠ ಇದು ಅಂತ ಯಾರಾದರೂ ಓದಿಕೊಂಡರೆ ಅವರನ್ನ ತಪ್ಪು ಅನ್ನೋದು ಕಷ್ಟ. ಅಣ್ವಸ್ತ್ರ ಹರಡದಂತೆ ತಡೆಯೋ ಕೆಲಸಕ್ಕೆ ಇದಕ್ಕಿಂತ ದೊಡ್ಡ ಏಟು ಇನ್ನೊಂದಿಲ್ಲ.

ಆ ತಡೆ ಒಪ್ಪಂದ, ಎನ್‌ಪಿಟಿ, ಹುಟ್ಟಿದಾಗಿನಿಂದಲೂ ಕುಂಟು. 1967ರ ಜನವರಿ 1ಕ್ಕಿಂತ ಮುಂಚೆ ಬಾಂಬ್ ಸಿಡಿಸಿದವರು ದೊಡ್ಡವರು, ಆಮೇಲಿನವರೆಲ್ಲ ಸುಮ್ಮನಿರಬೇಕು. 1964ರಲ್ಲಿ ಸಿಡಿಸಿದ ಚೀನಾ ಒಳಗೆ, ನಾವು ಹೊರಗೆ. ದೊಡ್ಡವರೂ ಕ್ರಮೇಣ ಬಾಂಬ್ ಬಿಡಬೇಕು ಅಂತ ಅದರ ಆರನೇ ವಿಧಿಯಲ್ಲಿ ಬರೆದಿದೆ. 1970ರಿಂದ ಬರೆದೇ ಇದೆ. ಭಾರತ ಸಹಿ ಹಾಕಲಿಲ್ಲ, ಸರಿಯಾಗೇ ಮಾಡಿತು ಅಂತ ನನ್ನ ಅಭಿಪ್ರಾಯ. 1974ರ ಮೇ 18ರಂದು ಪೋಖ್ರಾನ್‌ನಲ್ಲಿ ಮೊದಲ ಪರೀಕ್ಷೆ ಮಾಡಿದ ತಂಡದ ಮುಂದಾಳು ನಮ್ಮ ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ, ಸೊಗಸಾಗಿ ಪಿಯಾನೋ ನುಡಿಸ್ತಿದ್ದ ವಿಜ್ಞಾನಿ. ಆ ಪರೀಕ್ಷೆಯ ಸಿಟ್ಟಿಗೇ ಪರಮಾಣು ಪೂರೈಕೆದಾರರ ಕೂಟ ಹುಟ್ಟಿಕೊಂಡಿತು. ನಮಗೆ ಇಂಧನ ಇಲ್ಲ, ತಂತ್ರಜ್ಞಾನ ಇಲ್ಲ ಅಂತ 34 ವರ್ಷ ಬಾಗಿಲು ಹಾಕಿತು. 2008ರಲ್ಲಿ ಬಾಗಿಲು ಸ್ವಲ್ಪ ತೆರೆಯಿತು, ಆದರೆ ಶರತ್ತಿನ ಮೇಲೆ: 14 ರಿಯಾಕ್ಟರ್‌ಗಳನ್ನ ಐಎಇಎ ತಪಾಸಣೆಗೆ ಒಪ್ಪಿಸಬೇಕು. ಒಪ್ಪಿಸಿದ್ವಿ. ನಮ್ಮ ಕೈಗಾದ ನಾಲ್ಕು ರಿಯಾಕ್ಟರ್‌ಗಳು ಆ ಪಟ್ಟಿಯಲ್ಲಿ ಇಲ್ಲ. ಕೈಗಾ ಹೆಸರು ನೆನಪಿಟ್ಟುಕೊಳ್ಳಿ, ಈಗಲೇ ಮತ್ತೆ ಬರುತ್ತೆ.

ಯಾಕಂದ್ರೆ ಆಗ ಕೇಳಿದಿರಲ್ಲ, ನಮಗೇನು ಅಂತ. ಸರಪಳಿ ಹೀಗಿದೆ. ಚೀನಾ ಬಳಿ ಈಗ ಸುಮಾರು 600 ಸಿಡಿತಲೆ. 2030ಕ್ಕೆ ಸಾವಿರ ದಾಟುತ್ತೆ ಅಂತ ಅಮೆರಿಕದ ರಕ್ಷಣಾ ಇಲಾಖೆ ಅಂದಾಜು. ಚೀನಾ ಸೇರದೆ ಹೊಸ ಒಪ್ಪಂದ ಯಾಕೆ ಅಂತ ಅಮೆರಿಕ. ನಿಮ್ಮಿಬ್ಬರ ಹತ್ತಿರ ಐದೈದು ಸಾವಿರ ಇಟ್ಟುಕೊಂಡು ನನ್ನನ್ನ ಯಾಕೆ ಕರೀತೀರಿ ಅಂತ ಚೀನಾ. ಎರಡೂ ವಾದದಲ್ಲಿ ಹುರುಳಿದೆ, ಅದೇ ತೊಂದರೆ. ಜೊತೆಗೆ ಟ್ರಂಪ್ 'ಗೋಲ್ಡನ್ ಡೋಮ್' ಅಂತ ಇಡೀ ದೇಶಕ್ಕೆ ಕೊಡೆ ಹಿಡಿಯೋಕೆ ಹೊರಟಿದ್ದಾರೆ. ಎದುರಿನವನು ಕೊಡೆ ಹಿಡಿದರೆ ಇವನು ಮಳೆ ಜಾಸ್ತಿ ಮಾಡ್ತಾನೆ, 1972ರಲ್ಲೇ ಇದು ಗೊತ್ತಿದ್ದ ವಿಷಯ. ಅಮೆರಿಕ ಏರಿಸಿದರೆ ಚೀನಾ ಏರಿಸುತ್ತೆ. ಚೀನಾ ಏರಿಸಿದರೆ ದೆಹಲಿಯಲ್ಲಿ ಕೂತವರು ಸುಮ್ಮನಿರೋಕಾಗಲ್ಲ. ನಾವು ಏರಿಸಿದರೆ ಪಾಕಿಸ್ತಾನ. ಸಿಪ್ರಿ ಲೆಕ್ಕದಲ್ಲಿ 2025ಕ್ಕೆ ನಮ್ಮದು 180, ಅವರದು 170. ಅಮೆರಿಕ-ರಷ್ಯಾ ನಡುವೆ ಕ್ಷಿಪಣಿ ಹಾರಿ ಬೀಳೋದಕ್ಕೆ ಅರ್ಧ ಗಂಟೆ ಬೇಕು. ನಮ್ಮಿಬ್ಬರ ನಡುವೆ ಕೆಲವೇ ನಿಮಿಷ. ಯೋಚನೆ ಮಾಡೋದಕ್ಕೆ ಸಮಯವೇ ಇಲ್ಲದ ಜಾಗ ಇದು.

ಸಮಯ ಇದ್ದರೂ ಏನಾಗುತ್ತೆ ಕೇಳಿ. 1995ರ ಜನವರಿ 25. ನಾರ್ವೆಯ ವಿಜ್ಞಾನಿಗಳು ಧ್ರುವಪ್ರಭೆಯ ಅಧ್ಯಯನಕ್ಕೆ ಒಂದು ರಾಕೆಟ್ ಹಾರಿಸಿದ್ರು. ಹಾರಿಸ್ತೀವಿ ಅಂತ ರಷ್ಯಾಕ್ಕೆ ಮೊದಲೇ ಪತ್ರ ಬರೆದಿದ್ರು. ಪತ್ರ ಮಾಸ್ಕೋಗೆ ಮುಟ್ಟಿತು, ರಾಡಾರ್ ಮುಂದೆ ಕೂತವನಿಗೆ ಮುಟ್ಟಲಿಲ್ಲ. ಜಲಾಂತರ್ಗಾಮಿಯಿಂದ ಅಮೆರಿಕ ಕ್ಷಿಪಣಿ ಬಿಟ್ಟಿದೆ ಅಂತ ಗಾಬರಿ. ಅಧ್ಯಕ್ಷ ಯೆಲ್ಟ್ಸಿನ್ ಮುಂದೆ ಅಣ್ವಸ್ತ್ರದ ಪೆಟ್ಟಿಗೆ ತೆರೆದಿಟ್ಟರು. ಕೆಲವು ನಿಮಿಷದಲ್ಲಿ, ಅದು ದೂರ ಹೋಗ್ತಿದೆ ಅಂತ ಗೊತ್ತಾಯ್ತು. ಬದುಕಿಕೊಂಡಿತು ಜಗತ್ತು. ಒಂದು ಟಪಾಲು ಸರಿಯಾದ ಮೇಜಿಗೆ ಹೋಗದೇ ಇದ್ದಿದ್ದಕ್ಕೆ ಇಷ್ಟು.

ನಮ್ಮಲ್ಲೇ ಆಗಿದೆ. 2022ರ ಮಾರ್ಚ್ 9ರ ಸಂಜೆ ನಮ್ಮ ಬ್ರಹ್ಮೋಸ್ ಕ್ಷಿಪಣಿಯೊಂದು ಆಕಸ್ಮಿಕವಾಗಿ ಹಾರಿ ಪಾಕಿಸ್ತಾನದ ಮಿಯಾನ್ ಚನ್ನು ಹತ್ತಿರ ಬಿತ್ತು. ಸಿಡಿತಲೆ ಇರಲಿಲ್ಲ, ಯಾರೂ ಸಾಯಲಿಲ್ಲ. ಭಾರತ ಅಧಿಕೃತವಾಗಿ ಒಪ್ಪಿಕೊಂಡಿದ್ದು ಮಾರ್ಚ್ 11ಕ್ಕೆ. ಆಗಸ್ಟ್‌ನಲ್ಲಿ ಮೂವರು ವಾಯುಪಡೆ ಅಧಿಕಾರಿಗಳನ್ನ ಸೇವೆಯಿಂದ ತೆಗೆದ್ರು. ಕ್ಷಿಪಣಿ ಪರೀಕ್ಷೆಗೆ ಮುಂಚೆ ಕನಿಷ್ಠ ಮೂರು ದಿನ ಮೊದಲು ಪರಸ್ಪರ ತಿಳಿಸಬೇಕು ಅಂತ 2005ರ ಒಪ್ಪಂದವೊಂದು ನಮ್ಮಿಬ್ಬರ ನಡುವೆ ಇದೆ. ಆದರೆ ಅದು ಬ್ಯಾಲಿಸ್ಟಿಕ್ ಕ್ಷಿಪಣಿಗಳಿಗೆ ಮಾತ್ರ, ಅಂದ್ರೆ ಎತ್ತರಕ್ಕೆ ಏರಿ ಇಳಿಯೋ ಜಾತಿಗೆ. ಬ್ರಹ್ಮೋಸ್ ವಿಮಾನದ ಹಾಗೆ ಸಾಗುವ ಕ್ರೂಸ್ ಜಾತಿ. ಅದಕ್ಕೆ ಒಪ್ಪಂದವೇ ಇಲ್ಲ. ಇವತ್ತಿಗೂ ಇಲ್ಲ.

2025ರ ಮೇ ತಿಂಗಳನ್ನ ಯಾರೂ ಮರೆತಿಲ್ಲ. ಆಪರೇಷನ್ ಸಿಂಧೂರ. ಅಣಕು ಕಾರ್ಯಾಚರಣೆಗೆ ಕೇಂದ್ರ ಗುರುತಿಸಿದ ಊರುಗಳಲ್ಲಿ ನಮ್ಮ ಬೆಂಗಳೂರು, ಕಾರವಾರ, ರಾಯಚೂರು ಇದ್ದವು. ಕಾರವಾರ ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ: ನೌಕಾನೆಲೆ ಇದೆ, ಪಕ್ಕದಲ್ಲಿ ಕೈಗಾ ಇದೆ. ಆಮೇಲೆ ಕಿರಾನಾ ಬೆಟ್ಟದ ವದಂತಿ ಬಂತು. ಪಾಕಿಸ್ತಾನದ ಅಣ್ವಸ್ತ್ರ ಗೋದಾಮಿಗೇ ಏಟು ಬಿದ್ದಿದೆ, ವಿಕಿರಣ ಸೋರ್ತಿದೆ ಅಂತ ವಾಟ್ಸಾಪ್ ತುಂಬ ಓಡಾಡಿತು. ನಮ್ಮ ಏರ್ ಮಾರ್ಷಲ್ ಎ.ಕೆ. ಭಾರ್ತಿ ಪತ್ರಿಕಾಗೋಷ್ಠಿಯಲ್ಲೇ ಇಲ್ಲ ಅಂದ್ರು. ನಂಬದವರು ನಂಬಲಿಲ್ಲ. ಪಾಕಿಸ್ತಾನದ ಯಾವ ಪರಮಾಣು ಘಟಕದಿಂದಲೂ ವಿಕಿರಣ ಸೋರಿಲ್ಲ ಅಂತ ಐಎಇಎ ಹೇಳಿದ ಮೇಲೆ ಬಾಯಿ ಕಟ್ಟಿತು. ಎರಡೂ ಕಡೆಗೆ ಸೇರದ ಮೂರನೆಯವನ ಕಣ್ಣಿಗೆ ಇರೋ ಬೆಲೆ ಅದು.

ಇನ್ನು ಕೈಗಾ ವಿಷಯ. 1988ರ ಡಿಸೆಂಬರ್ 31ರಂದು ಇಸ್ಲಾಮಾಬಾದ್‌ನಲ್ಲಿ ರಾಜೀವ್ ಗಾಂಧಿ, ಬೆನಜೀರ್ ಭುಟ್ಟೋ ಇದ್ದಾಗ ಒಂದು ಚಿಕ್ಕ ಒಪ್ಪಂದ ಆಯ್ತು. ಒಬ್ಬರ ಪರಮಾಣು ಸ್ಥಾವರದ ಮೇಲೆ ಇನ್ನೊಬ್ಬರು ದಾಳಿ ಮಾಡಬಾರದು. ಅದಕ್ಕಾಗಿ ಪ್ರತಿ ಜನವರಿ 1ಕ್ಕೆ ತಮ್ಮ ಸ್ಥಾವರಗಳು ಎಲ್ಲಿವೆ ಅಂತ ಅಕ್ಷಾಂಶ-ರೇಖಾಂಶ ಬರೆದು ಪಟ್ಟಿ ಕೊಡಬೇಕು. ವಿದ್ಯುತ್ ರಿಯಾಕ್ಟರ್, ಯುರೇನಿಯಂ ಸಾಂದ್ರೀಕರಣ ಘಟಕ ಎಲ್ಲ ಅದರ ವ್ಯಾಖ್ಯೆಯಲ್ಲಿ ಬರುತ್ತೆ. ಪಟ್ಟಿ ಬಹಿರಂಗ ಮಾಡಲ್ಲ. ಆದರೆ ವ್ಯಾಖ್ಯೆಯ ಪ್ರಕಾರ ಕೈಗಾ ಅದರಲ್ಲಿ ಇರಲೇಬೇಕು, ಮೈಸೂರಿನ ಪಕ್ಕದ ರತ್ತೆಹಳ್ಳಿಯೂ ಇರಬೇಕು. ಸೋಜಿಗ ನೋಡಿ. ಐಎಇಎ ತಪಾಸಣೆಗಾರ ಕೈಗಾದೊಳಗೆ ಕಾಲಿಡೋ ಹಾಗಿಲ್ಲ, ಆದರೆ ಅದರ ವಿಳಾಸವನ್ನ ನಾವೇ ವರ್ಷಾ ವರ್ಷಾ ಪಾಕಿಸ್ತಾನಕ್ಕೆ ಬರೆದು ಕೊಡ್ತೀವಿ. ಇಲ್ಲಿ ಹೊಡೀಬೇಡ ಅಂತ ಹೇಳೋದಕ್ಕೆ ಇಲ್ಲಿದೆ ಅಂತ ಹೇಳಲೇಬೇಕಲ್ಲ.

1992ರಲ್ಲಿ ಮೊದಲ ಪಟ್ಟಿ. ಕಾರ್ಗಿಲ್ ಯುದ್ಧದ ನಂತರದ ಜನವರಿಯಲ್ಲೂ ಕೊಟ್ಟರು. ಸಂಸತ್ ಮೇಲಿನ ದಾಳಿ ಆಗಿ ಮೂರು ವಾರವೂ ಕಳೆದಿರಲಿಲ್ಲ, ಗಡಿಯಲ್ಲಿ ಸೇನೆ ಜಮಾ ಆಗ್ತಿತ್ತು, ಆಗಲೂ ಕೊಟ್ಟರು. 26/11 ನಂತರ ಕೊಟ್ಟರು. ಪುಲ್ವಾಮಾ ನಂತರ ಕೊಟ್ಟರು. ಸಿಂಧೂ ನದಿ ಒಪ್ಪಂದವನ್ನೇ ಅಮಾನತಿನಲ್ಲಿಟ್ಟು, ವೀಸಾ ನಿಲ್ಲಿಸಿ, ವ್ಯಾಪಾರ ಬಂದ್ ಮಾಡಿದ ಮೇಲೆ, ಸಿಂಧೂರ ಆಗಿ ಎಂಟು ತಿಂಗಳಿಗೆ, 2026ರ ಜನವರಿ 1ಕ್ಕೂ ಕೊಟ್ಟರು. ಒಂದು ವರ್ಷವೂ ತಪ್ಪಿಲ್ಲ, 35ನೇ ಸಲ. ದೆಹಲಿ ಮತ್ತು ಇಸ್ಲಾಮಾಬಾದ್‌ನಲ್ಲಿ ಏಕಕಾಲಕ್ಕೆ ರಾಯಭಾರಿ ಕಚೇರಿಗಳ ಮೂಲಕ ಕಾಗದ ಕೈಬದಲಾಗುತ್ತೆ. ಹೊಸ ವರ್ಷದ ದಿನ ಆದ್ದರಿಂದ ದೇವಸ್ಥಾನದ ಕ್ಯೂ, ಎಂ.ಜಿ. ರಸ್ತೆಯ ಜನಜಂಗುಳಿ ಎಲ್ಲ ಮುಗಿದ ಮೇಲೆ ನಮ್ಮ ಬುಲೆಟಿನ್‌ನಲ್ಲಿ ಅದಕ್ಕೊಂದು ಸಾಲು ಸಿಗುತ್ತೆ.

ಇದು ನ್ಯೂ ಸ್ಟಾರ್ಟ್ ಅಲ್ಲ. ಯಾರೂ ಹೋಗಿ ಎಣಿಸಲ್ಲ, ಎಷ್ಟು ಬಾಂಬ್ ಇದೆ ಅಂತ ಯಾರೂ ಕೇಳಲ್ಲ, ಪಟ್ಟಿಯಲ್ಲಿ ಇರೋದು ಸ್ಥಾವರಗಳ ವಿಳಾಸ ಮಾತ್ರ. ಆದರೂ ಒಂದು ದಾರ ಅದು, ಮತ್ತು ಅದಕ್ಕೆ ಇನ್ನೊಂದೆರಡು ಎಳೆ ಸೇರಿಸೋದು ಅಸಾಧ್ಯವೇನಲ್ಲ. ಕ್ರೂಸ್ ಕ್ಷಿಪಣಿ ಪರೀಕ್ಷೆಗೂ ಮುಂಚೆ ತಿಳಿಸೋದು, ಆಕಸ್ಮಿಕವಾಗಿ ಹಾರಿದರೆ ಎರಡು ದಿನ ಕಾಯದೆ ಎರಡು ನಿಮಿಷದಲ್ಲಿ ಫೋನ್ ಎತ್ತೋದು. ಇದಕ್ಕೆ ಕಾಶ್ಮೀರದ ಪ್ರಶ್ನೆ ಬಗೆಹರಿಯಬೇಕಾಗಿಲ್ಲ, ಕೈ ಕುಲುಕೋ ಫೋಟೋ ಕೂಡ ಬೇಕಾಗಿಲ್ಲ. 1962ರಲ್ಲಿ ಕ್ಯೂಬಾ ಬಿಕ್ಕಟ್ಟಿನ ನಡುವೆ ಕ್ರುಶ್ಚೇವ್ ಬರೆದ ಪತ್ರ ವಾಷಿಂಗ್ಟನ್‌ನಲ್ಲಿ ಪೂರ್ತಿ ಕೈಸೇರೋಕೆ ಹನ್ನೆರಡು ಗಂಟೆಯ ಹತ್ತಿರ ಹಿಡಿದಿತ್ತು. ಮರುವರ್ಷವೇ ನೇರ ಸಂಪರ್ಕ ಹಾಕಿದ್ರು. ಸಿನಿಮಾದಲ್ಲಿ ತೋರಿಸೋ ಕೆಂಪು ಫೋನ್ ಅಲ್ಲ ಅದು, ಟೆಲಿಪ್ರಿಂಟರ್. ಆಗ ಅವರಿಬ್ಬರು ನಮಗಿಂತ ಕಡಿಮೆ ವೈರಿಗಳೇನಲ್ಲ.

ಚೀನಾ ಜೊತೆ? ಗಡಿಯಲ್ಲಿ ಗುಂಡು ಹಾರಿಸಬಾರದು ಅಂತ ಹಳೇ ಒಪ್ಪಂದಗಳಿವೆ, ಗಲ್ವಾನ್‌ನಲ್ಲಿ ಅವೂ ಎಷ್ಟರಮಟ್ಟಿಗೆ ಉಳಿದವು ಅಂತ ನೋಡಿದ್ದೀವಿ. ಅಣ್ವಸ್ತ್ರದ ಬಗ್ಗೆ ಮಾತ್ರ ನಮ್ಮಿಬ್ಬರ ನಡುವೆ ಯಾವ ಒಪ್ಪಂದವೂ ಇಲ್ಲ. ಪಟ್ಟಿ ಇಲ್ಲ, ಕ್ಷಿಪಣಿ ಪರೀಕ್ಷೆಗೆ ಮುಂಚೆ ತಿಳಿಸಬೇಕು ಅನ್ನೋ ಕರಾರಿಲ್ಲ. ಎನ್‌ಪಿಟಿ ಪ್ರಕಾರ ನಾವು ಅಣ್ವಸ್ತ್ರ ದೇಶವೇ ಅಲ್ಲ ಅನ್ನೋದು ಬೀಜಿಂಗ್‌ನ ವಾದ. ಇಲ್ಲದ ಬಾಂಬ್ ಬಗ್ಗೆ ಏನು ಮಾತು ಅಂತ. ಅವರ 600, ನಮ್ಮ 180, ನಡುವೆ 3,488 ಕಿಲೋಮೀಟರ್ ಗಡಿ. ಜನವರಿ 1ಕ್ಕೆ ದೆಹಲಿಯಿಂದ ಒಂದು ಲಕೋಟೆ ಇಸ್ಲಾಮಾಬಾದ್‌ಗೆ ಹೋಗುತ್ತೆ. ಬೀಜಿಂಗ್‌ಗೆ ಹೋಗಲ್ಲ, ಅಲ್ಲಿಂದ ಬರೋದೂ ಇಲ್ಲ.